ಬೇವಿನ ಗಿಡದ ಕೆಳಗಿನ ಕರಿಕೋಟು

ತಂಗಿ ಗುಲಾಬಬಿ ಬಾದಾಮಿ ಬಳಿಯ ಚೊಳಚಗುಡ್ಡದಲ್ಲಿ ತೀರಿಕೊಂಡ ದಿನ ಖೈರುನಬಿ ಇಳಕಲ್ಲಿನ ತವರುಮನೆಯಲ್ಲಿ ನೂಲು ಸುತ್ತುತ್ತಿದ್ದಳು. ಸುದ್ದಿ ಬಂತು. ಬಾದಾಮಿ ಬಸ್ಸು ಸ್ಟ್ಯಾಂಡಿನಲ್ಲೇ ನಿಂತಿತ್ತು. ತಮ್ಮ ಜಾಫರಸಾಬ ಹೊರಟ, ಅವನ ಹೆಂಡತಿ ಹೊರಟಳು. ಖೈರುನಬಿ ಹೊರಡಲಿಲ್ಲ. ಅವಳ ಪರವಾನಗಿ ಕಾಗದದಲ್ಲಿ ಇಳಕಲ್ಲು ಎಂದು ಮಾತ್ರ ಬರೆದಿತ್ತು. ಊರು ದಾಟಲು ಅಪ್ಪಣೆ ಬೇಕು. ಅಂದು ಭಾನುವಾರ, ಕಚೇರಿಗೆ ಬೀಗ. ಸತ್ತವರನ್ನು ಸೋಮವಾರದ ತನಕ ಇಟ್ಟುಕೊಳ್ಳುವುದಿಲ್ಲ.

ಅವಳು ಹುಟ್ಟಿದ್ದು ಇದೇ ಓಣಿಯಲ್ಲಿ, ಇದೇ ಮಗ್ಗದ ಸದ್ದಿನಲ್ಲಿ. ಹದಿನೆಂಟಕ್ಕೆ ಮದುವೆಯಾಯಿತು. ಗಂಡನಿಗೆ ಕರಾಚಿಯ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಬರುತ್ತೀಯಾ ಎಂದು ಅವಳನ್ನು ಯಾರೂ ಕೇಳಲಿಲ್ಲ. ಮಕ್ಕಳಾಗಲಿಲ್ಲ. ಗಂಡ ಸತ್ತ ಮೇಲೆ ಪಾಕಿಸ್ತಾನದ ಪಾಸ್‌ಪೋರ್ಟು ಹಿಡಿದು ತವರಿಗೆ ಬಂದಳು. ಅಂದಿನಿಂದ ನಾಲ್ಕು ವರ್ಷ, ಹುಟ್ಟಿದ ಊರಿನಲ್ಲೇ ಪರದೇಶಿ. ಇಲ್ಲಿ ಇರಲು ಕೊಟ್ಟ ಪರವಾನಗಿಯನ್ನು ವರ್ಷ ವರ್ಷ ಹೊಸದು ಮಾಡಿಸಬೇಕು. 1983ರ ಆ ಫೆಬ್ರವರಿಯಲ್ಲಿ ಅವಧಿ ಮುಗಿಯಲು ಇಪ್ಪತ್ತಾರು ದಿನ ಉಳಿದಿದ್ದವು. ಮುಗಿದರೆ ಕರಾಚಿಗೆ ಮರಳಬೇಕು. ಅಲ್ಲಿ ಅವಳಿಗೆ ಬಾಗಿಲು ತೆರೆಯುವವರು ಒಬ್ಬರೂ ಇರಲಿಲ್ಲ.

ಮಣ್ಣು ಮುಗಿಸಿ ಬಂದ ಜಾಫರಸಾಬ ಸಿಟ್ಟಿನಿಂದ ಕುದಿಯುತ್ತಿದ್ದ. ಅಕ್ಕನ ಪಾಸ್‌ಪೋರ್ಟು, ಪರವಾನಗಿ ಎರಡನ್ನೂ ಅರಿವೆಯಲ್ಲಿ ಸುತ್ತಿಕೊಂಡು ಹುನಗುಂದದ ಕೋರ್ಟಿಗೆ ಹೋದ. ಸಂಜೆ ಬರಿಗೈಯಲ್ಲಿ, ನಗುತ್ತ ಬಂದ.

"ಆಪಾ, ಕೆಲಸ ಆತು. ಗುರಪ್ಪ ವಕೀಲರು ಎಲ್ಲಾ ಮಾಡ್ತೇನಿ ಅಂದ್ರು. ನಿನ್ನ ಹೆಸರು ಓಟಿನ ಪಟ್ಟಿಗೆ ಸೇರಸ್ತಾರ. ಓಟು ಬಂತಂದ್ರ ನೀ ಇಲ್ಲಿಯಾಕಿ. ಆ ಪರವಾನಗಿ ಹಿಂದ ಬೀಳೂದ ಬ್ಯಾಡ ಅಂದ್ರು."

ಪಕ್ಕದ ಮನೆಯ ಲಗಮವ್ವ ಅದೇ ಬಸ್ಸಿನಿಂದ ಇಳಿದು ಬರುತ್ತಿದ್ದಳು. ಹುನಗುಂದದ ಕೋರ್ಟಿನ ಎದುರು ಹದಿನೈದು ವರ್ಷಗಳಿಂದ ಅವಳದು ಚಹಾದ ಅಂಗಡಿ. ಕಟ್ಟೆಯ ಮುಂದೆ ನಿಂತುಬಿಟ್ಟಳು.

"ಯಾರು? ಬೇವಿನ ಗಿಡದ ಕೆಳಗ ಕುಂದರ್ತಾನಲ್ಲ, ಆ ಗುರಪ್ಪನ?"

"ಹೂಂ."

"ಆಂವ ವಕೀಲ ಅಂತ ಯಾರು ಹೇಳಿದ್ರು ನಿನಗ?"

"ಕರೀ ಕೋಟು ಹಾಕ್ಕೊಂಡಾನಲ್ಲ ಯಕ್ಕಾ!"

"ಬಾಗಲಕೋಟಿ ಟೇಶನ್ನಿನ್ಯಾಗ ಟಿಕೀಟು ನೋಡಾಂವನೂ ಕರೀ ಕೋಟು ಹಾಕ್ಕೋತಾನ. ಅವನ ಕೈಯಾಗ ಕೇಸು ಕೊಡ್ತೀಯೇನು? ಹದಿನೈದು ವರ್ಷ ಆತು, ಗುರಪ್ಪ ಆ ಗಿಡದ ನೆರಳು ಬಿಟ್ಟು ಕೋರ್ಟಿನ ಪಾವಟಗಿ ಹತ್ತಿದ್ದು ನಾ ಕಂಡಿಲ್ಲ!"

ಜಾಫರಸಾಬನಿಗೆ ಮುಖಭಂಗವಾಯಿತು. "ನೀ ಚಾ ಕಾಸಾಕಿ. ಕಾಯ್ದೆ ನಿನಗೇನ ಗೊತ್ತು? ನಮ್ಮ ಆಪಾ ಇಲ್ಲೇ ಹುಟ್ಟ್ಯಾಳ. ಓಟಿನ ಪಟ್ಟಿಗೆ ಹೆಸರು ಹಾಕಿದ್ರ ತಪ್ಪೇನು?"

"ಕಾಗದ ಕೊಟ್ಟು ಬಂದದ್ದಕ್ಕ ಚೀಟಿ ತಗೊಂಡೀಯೇನು?"

"ಏನು ಚೀಟಿ? ಮನಿಷ್ಯಾನ ಮ್ಯಾಲ ನಂಬಿಕಿ ಇರಬೇಕು."

ಲಗಮವ್ವನ ದನಿ ಏರಿತು. "ಸಾವಕಾರ ನಿನಗ ರೇಷ್ಮಿ ಕೊಡ್ತಾನಲ್ಲ, ತೂಗಿ ಕೊಡ್ತಾನೋ ಇಲ್ಲೋ? ಒಂದು ಲಡಿ ನೂಲಿಗೂ ಚೀಟಿ ಮಾಡ್ತೀರೋ ಇಲ್ಲೋ? ಸೀರಿ ಒಯ್ದಾಗ ಮತ್ತ ತೂಗ್ತೀರಿ, ಮತ್ತ ಬರಸ್ತೀರಿ. ಆವಾಗ ಎಲ್ಲಿ ಹೋಗ್ತದ ನಿನ್ನ ನಂಬಿಕಿ? ಒಂದು ಲಡಿ ರೇಷ್ಮಿಗಿ ಇರೋ ಬೆಲಿ ಈಕಿ ಬಾಳ್ವೆಕ್ಕ ಇಲ್ಲೇನೋ?"

ಜಾಫರಸಾಬ ತಲೆ ತಗ್ಗಿಸಿದ. ಖೈರುನಬಿ ಕೈಯಲ್ಲಿದ್ದ ನೂಲು ಕೆಳಗಿಟ್ಟಳು.

"ಆವಾಗ ಕರಾಚಿಗಿ ಕಳಿಸುವಾಗ ನನ್ನ ಕೇಳಲಿಲ್ಲ. ಈಗ ಕಾಗದ ಕೊಡುವಾಗೂ ಕೇಳಲಿಲ್ಲ. ನಾ ಏನು ಗಂಟೇನೋ, ಜಾಫರ್?"

ಮರುದಿನ ಜಾಫರಸಾಬನೇ ಮೊದಲ ಬಸ್ಸಿಗೆ ಲಗಮವ್ವನನ್ನು ಕಾದು ನಿಂತಿದ್ದ.

ಗಿಡದ ಕೆಳಗೆ ಗುರಪ್ಪ ಆಗತಾನೇ ಚಾಪೆ ಹಾಸಿದ್ದ. "ಪಾಸ್‌ಪೋರ್ಟು ವಿಜಾಪುರದಾಗ ಸಾಹೇಬ್ರ ಟೇಬಲ್ಲಿಗೆ ಹೋತು" ಎಂದ. ಲಗಮವ್ವ ಸೆರಗು ಸಿಕ್ಕಿಸಿದಳು. ಅಂಗಡಿಯೊಳಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ಎಳೆದು ತಂದು, ಜನರ ನಡುವೆ ದಡ್ಡನೆ ಇಟ್ಟಳು. ದಿನಾ ಸಂಜೆ ಗುರಪ್ಪ ಅವಳ ಅಂಗಡಿಯಲ್ಲಿಟ್ಟು ಹೋಗುತ್ತಿದ್ದ ಅವನದೇ ಪೆಟ್ಟಿಗೆ.

"ತಗಿ. ಸಾಹೇಬ್ರ ಟೇಬಲ್ಲು ಇದರಾಗ ಅದನೋ ನೋಡೂಣು."

ಕೋರ್ಟಿಗೆ ಬಂದವರೆಲ್ಲ ಸುತ್ತ ನಿಂತರು. ಗುರಪ್ಪ ಬೆವರುತ್ತ ಬೀಗ ತೆಗೆದ. ಖೈರುನಬಿಯ ಕಾಗದಗಳು ಮೇಲೆಯೇ ಇದ್ದವು. ಕೆಳಗೆ ಇನ್ನೂ ಯಾರ‍್ಯಾರದೋ ರೇಶನ್ ಕಾರ್ಡು, ಶಾಲೆಯ ದಾಖಲೆ, ಹಳದಿ ಬಣ್ಣಕ್ಕೆ ತಿರುಗಿದ ಜಮೀನಿನ ಪತ್ರ. ಎಷ್ಟು ಮನೆಗಳು ಆ ಪೆಟ್ಟಿಗೆಯಲ್ಲಿ ಉಸಿರುಗಟ್ಟಿ ಬಿದ್ದಿದ್ದವೋ!

ಕೋರ್ಟಿನೊಳಗೆ ಹಿರಿಯ ವಕೀಲರೊಬ್ಬರು ಕಾಗದ ನೋಡಿದರು. "ಇಂಥ ಕೇಸು ನಾ ನಡೆಸಿಲ್ಲ. ಹುಸಿ ಯಾಕ ಹೇಳ್ಲಿ? ಬಾಗಲಕೋಟಿಯೊಳಗ ಹನಮಂತಪ್ಪ ವಕೀಲರು ನಡೆಸ್ಯಾರ, ಅಲ್ಲಿಗೆ ಹೋಗ್ರಿ. ಆದರ ಅಪ್ಪಣೆ ಇಲ್ಲದ ಆಕಿನ್ನ ಕರಕೊಂಡು ಹೋಗಬ್ಯಾಡ್ರಿ."

ಗೊತ್ತಿಲ್ಲ ಎಂದು ಹೇಳಿದ ಮೊದಲ ಮನುಷ್ಯನನ್ನು ಜಾಫರಸಾಬ ಬೆರಗಿನಿಂದ ನೋಡಿದ.

ಬಾಗಲಕೋಟೆಯಲ್ಲಿ ಅವನು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದ: "ನಿಮ್ಮ ಸನದು ತೋರಸ್ರಿ ಸಾಹೇಬ್ರ."

ಹನಮಂತಪ್ಪನವರು ಸಿಟ್ಟಾಗಲಿಲ್ಲ. ಗೋಡೆಯ ಮೇಲಿದ್ದ ವಕೀಲಿಯ ಸನದನ್ನು ತೋರಿಸಿದರು. "ಎಲ್ಲಾರೂ ಹಿಂಗ ಕೇಳಿದ್ರ ಅರ್ಧ ಮೋಸ ಕಡಿಮಿ ಆಗ್ತಾವು. ಕುಂದರ್ರಿ. ಆಕಿ ಯಾವಾಗ ಹೋದ್ಲು, ಯಾವಾಗ ಬಂದ್ಲು ಎಲ್ಲಾ ಖರೆ ಹೇಳ್ರಿ."

"ಕರಾಚಿ ಮಾತು ಬಿಟ್ಟು ಬರೀಲಿಕ್ಕೆ ಬರೂದಿಲ್ಲೇನ್ರಿ? ಓಟಿನ ಪಟ್ಟಿ..."

"ಸುಳ್ಳು ಬರಸಿ ಆ ಪಟ್ಟಿ ಸೇರಿದ್ರ ಅದ ಒಂದು ಅಪರಾಧ. ನಾಳೆ ಖರೆ ಅರ್ಜಿನೂ ಅದರ ಸಂಗಡ ಬಿದ್ದು ಹೋಗ್ತದ. ಮೊದಲು ಅವಧಿ ಮುಗಿಯೂದ್ರಾಗ ಪರವಾನಗಿ ಮುಂದುವರಿಸೂಣು. ಆಮ್ಯಾಲ ಪೌರತ್ವದ ಅರ್ಜಿ. ಆಕಿ ಇಳಕಲ್ಲಿನ ಸಾಲಿಗಿ ಹೋಗಿದ್ಲೇನು? ಅಲ್ಲಿ ಹೆಸರು, ಹುಟ್ಟಿದ ತಾರೀಖು ಇರ್ತದ. ನಿಕಾಹದ ಕಾಗದ, ಗಂಡ ತೀರಿಕೊಂಡ ದಾಖಲಿ ಬೇಕು. ಅಸಲು ನಿಮ್ಮ ಕಡೆ ಇರ್ಲಿ, ನನಗ ನಕಲು ಸಾಕು."

"ಎಷ್ಟು ದಿನದಾಗ ಆಗ್ತದ್ರಿ? ಖಂಡಿತ ಆಗ್ತದಲ್ಲ?"

"ವರ್ಷಾನೂ ಹಿಡೀಬಹುದು. ನಾ ಅರ್ಜಿ ಸರಿಯಾಗಿ ಬರೀತೇನಿ, ಬೆನ್ನು ಹತ್ತತೇನಿ. ಕೊಡೂದು ಸರಕಾರ. ಖಂಡಿತ ಅಂತ ಹೇಳಾಂವನ ಕಡೆ ಮತ್ತ ಹೋಗಬ್ಯಾಡ್ರಿ."

ಫೀ ಎಷ್ಟೆಂದು ಮೊದಲೇ ಹೇಳಿದರು. ಪಡೆದ ನಕಲುಗಳ ಪಟ್ಟಿ ಬರೆದು ಸಹಿ ಹಾಕಿ ಕೊಟ್ಟರು. ಜಾಫರಸಾಬ ಆ ಚೀಟಿಯನ್ನು ರೇಷ್ಮೆಯ ಚೀಟಿಯಂತೆಯೇ ಮಡಚಿ ಎದೆಯ ಕಿಸೆಯಲ್ಲಿಟ್ಟ. ಜೊತೆಗೆ ಬಂದಿದ್ದ ಲಗಮವ್ವ ನಕ್ಕಳು: "ಈಗ ನೇಕಾರಗ ಬುದ್ಧಿ ಬಂತು."

ಅವಧಿ ಮುಗಿಯಲು ನಾಲ್ಕು ದಿನ ಇರುವಾಗ ಪರವಾನಗಿ ಮುಂದುವರಿಯಿತು. ಪೌರತ್ವದ ಅರ್ಜಿ ಹೋಗಿತ್ತು, ತೀರ್ಮಾನ ಇನ್ನೂ ಬಂದಿರಲಿಲ್ಲ. ಆದರೆ ಈ ಸಲ ಊರು ದಾಟುವ ಅಪ್ಪಣೆಯನ್ನು ವಕೀಲರು ಮುಂಚೆಯೇ ಕೊಡಿಸಿದ್ದರು. ತಂಗಿಯ ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆಗೆ ಖೈರುನಬಿ ಬಾದಾಮಿ ಬಸ್ಸು ಹತ್ತಿದಳು. ಕಾಗದಗಳ ಗಂಟು ಅವಳ ತೊಡೆಯ ಮೇಲಿತ್ತು. ಜಾಫರಸಾಬ ಹಿಡಿದುಕೊಳ್ಳಲು ಕೈ ಚಾಚಿದ.

"ಬ್ಯಾಡ," ಎಂದಳು. "ನನ್ನವು. ನನ್ನ ಕಡೆನ ಇರ್ಲಿ."

ಓದುವ ಅಣ್ಣಂದಿರೇ, ಕೇಳುವ ಅಕ್ಕಂದಿರೇ, ಹುಟ್ಟಿದ ಮಣ್ಣಿನಲ್ಲಿ ಇರುವುದಕ್ಕೂ ಅರ್ಜಿ ಬರೆಯಬೇಕಾಗಿ ಬಂದಿರುವುದು ಸಿಟ್ಟು ಬರುವ ಸಂಗತಿಯೇ. ಆ ಸಿಟ್ಟನ್ನು ಗಿಡದ ಕೆಳಗೆ ಒಯ್ದು ಸುರಿಯಬೇಡಿ. ಕೋರ್ಟಿನೊಳಗೆ ಹೋಗಿ, ವಕೀಲರ ಸಂಘದಲ್ಲಿ ವಿಚಾರಿಸಿ. ಸನದು ತೋರಿಸಲು ಕೇಳಿ, ಇಂಥ ಕೇಸು ನಡೆಸಿದ್ದೀರಾ ಎಂದು ಕೇಳಿ. ಫೀ ಕೊಡಲಾಗದವರು ಕಾನೂನು ನೆರವು ಸಮಿತಿಯ ಬಾಗಿಲು ತಟ್ಟಿ. ಕೊನೆಯ ತಾರೀಖಿನ ತನಕ ಕಾಯಬೇಡಿ, ಸುಳ್ಳು ಬರೆಸಬೇಡಿ, ಅಸಲು ಕಾಗದ ಬಿಟ್ಟು ಬರಬೇಡಿ. ಯಾರ ಬಾಳಿನ ಕಾಗದವೋ ಅವರನ್ನು ಕೇಳದೆ ಅದನ್ನು ಮುಟ್ಟಲೂ ಬೇಡಿ.

ಒಂದು ಲಡಿ ರೇಷ್ಮೆಗೆ ಕೇಳುವ ಚೀಟಿಯನ್ನು, ನಿಮ್ಮ ಬಾಳಿಗೂ ಕೇಳಿ.