ಎದುರಿನ ಸಾಲಿನ ಕುರ್ಚಿ

“ದೇವ್ರ್ ಕೆಲ್ಸಕ್ಕೆ ಈ ವರ್ಷ ಎಂತಾರೂ ಖರ್ಚಾಯ್ತಾ?” ಎಂದು ಅನಿಷಾ ಕೇಳಿದ್ದೇ ತಡ, ರತ್ನಾಕರ ಶೆಟ್ಟರು ನೆಟ್ಟಗೆ ಕೂತರು. ಊಟತಿಂಡಿ ಬಿಟ್ಟು ಮನೆಗಳಲ್ಲಿ ಯಾವುದಕ್ಕೆಲ್ಲ ದುಡ್ಡು ಹೋಗುತ್ತದೆಂದು ಕೇಳಲು ಕುಂದಾಪುರದಿಂದ ಬಂದಿದ್ದ ಸಮೀಕ್ಷೆಯ ಹುಡುಗಿ ಆಕೆ. ಸೋಪು, ಬಟ್ಟೆ, ಕರೆಂಟು ಬಿಲ್ಲು ಎನ್ನುವಾಗ ಆಕಳಿಸುತ್ತಿದ್ದವರಿಗೆ ಈಗ ಜೀವ ಬಂತು.

“ಮೇಳದ್ ಹರ್ಕೆ ಆಟ ಆಡ್ಸಿದ್ದೆ ಕಾಣಿ. ಹೋಟ್ಲ್ ಚಂದ ನಡುದ್ರೆ ಆಡಿಸ್ತೆ ಅಂದ್ ಹೇಳ್ಕಂಡಿದ್ದೆ. ಆಟ ಭಾರೀ ಗಡ್ಜಾಯ್ತ್. ಲೈಟ್, ಶಾಮಿಯಾನ, ಗರ್ನಾಲ್ ಪಟಾಕಿ, ಎಲ್ಲ ಬರ್ಕಣಿ.”

ಶೆಟ್ಟರದು ಕೋಟೇಶ್ವರದಲ್ಲಿ ಸಣ್ಣ ಹೋಟೆಲು. ಗಿರಾಕಿಗಳು ಆ ಯಕ್ಷಗಾನದ ಮಾತೆತ್ತಿದರೆ ಸಾಕು, ಇಂದಿಗೂ ಹಿಗ್ಗಿ ಹೀರೇಕಾಯಿಯಾಗುತ್ತಾರೆ.

“ಮದ್ದಿಗೆ, ಆಸ್ಪತ್ರೆಗೆ?”

“ಅಂಥದ್ದೆಂತ ಇಲ್ಲೆ. ಇವ್ಳ್ ಕಣ್ಣಿನ್ ಪೊರೆ ತೆಗ್ಸುಕಿತ್ತ್. ಆಟ ಮುಗಿಲಿ ಅಂದಿದ್ದೆ. ಅದ್ಕೆಂತ ಅರ್ಜೆಂಟಿಲ್ಲೆ.”

ಹೆಂಡತಿ ಉಮಾವತಿ ಬಾಗಿಲಲ್ಲೇ ನಿಂತಿದ್ದರು. ಅನಿಷಾಳಿಗೂ ಆಟದ ಹುಚ್ಚು. “ಅಮ್ಮ, ನಿಮ್ಗ್ ಯಾರ್ ವೇಷ ಖುಷಿ ಆಯ್ತ್?” ಎಂದಳು.

“ಯಜಮಾನ್ತಿ ಅಂದ್ ನನ್ನ ಎದ್ರಿನ್ ಸಾಲಗೇ ಕೂರ್ಸಿದ್ರ್,” ಉಮಾವತಿ ನಕ್ಕರು. “ಚಂಡೆ ಚಂದ ಕೇಂತ್. ವೇಷ ಕಾಂಬುಕಾಯ್ಲಿಲ್ಲೆ ಮಗಾ, ಬರೀ ಬೆಳ್ಕ್. ಹತ್ರದವ್ರ್ ನಗಾಡುವಾಗ ನಾನೂ ನಗಾಡ್ದೆ.”

“ನಂಗೊಂದ್ ಮಾತ್ ಹೇಳೂಕಾಗ್ಲಿಲ್ಯಾ?” ಶೆಟ್ಟರ ದನಿ ಸಣ್ಣದಾಗಿತ್ತು.

“ಮೊದ್ಲೇ ಹೇಳಿದ್ನಲೆ. ಆಟ ಮುಗಿಲಿ ಅಂದ್ರಿ. ಮುಗ್ದ್ ಮೇಲೆ ಎಲ್ಲ್ರೂ ನಿಮ್ನ ಹೊಗಳ್ತಿದ್ರ್. ಎಂತಕ್ ಹೇಳುದಂದ್ ಸುಮ್ನಾದೆ.”

ಮುಖ ಎಲ್ಲಿಡುವುದೆಂದು ಶೆಟ್ಟರಿಗೆ ತಿಳಿಯಲಿಲ್ಲ. ಆಟದ ಮಾರನೇ ದಿನ ಗಲ್ಲಾದಲ್ಲಿ ಕೂತು, ಹೆಂಡತಿ ಕಣ್ಣು ಮಿಟುಕಿಸದೆ ಆಟ ನೋಡಿದಳೆಂದು ಬಂದವರಿಗೆಲ್ಲ ಹೇಳಿದ್ದರು. ನಿನ್ನೆ ಕೂಡ ಯಾರಿಗೋ ಹೇಳಿದ್ದರು. ನೆನೆದರೆ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

“ಆಸ್ಪತ್ರೆದ್ ಎಂತ ಬರಿಲಿ?” ಅನಿಷಾ ಮೆಲ್ಲಗೆ ಕೇಳಿದಳು.

“ಸೊನ್ನೆ ಬರೀರಿ,” ಎಂದರು ಶೆಟ್ಟರು.

ಉಮಾವತಿ ಒಳಗೆ ಹೋಗಿ ಶರಬತ್ತು ತಂದರು. ಎಡಗೈಯಲ್ಲಿ ಮೇಜಿನ ಅಂಚು ತಡವಿ ಅನಿಷಾಳ ಲೋಟ ಇಟ್ಟರು. ದಿನವೂ ಹೀಗೇ ಇಡುವುದು. ಎಂಥ ನಿಧಾನ ನಿನ್ನದು ಎಂದು ಶೆಟ್ಟರು ಗದರುತ್ತಿದ್ದರು.

ಇನ್ನೊಂದು ಲೋಟವನ್ನು ಗಂಡನ ಕಡೆಗೆ ಚಾಚಿದರು. ಅದು ಅವರಿಂದ ಒಂದು ಗೇಣು ಆಚೆ, ಯಾರೂ ಇಲ್ಲದಲ್ಲಿ ಬಂದು ನಿಂತಿತು. ಶೆಟ್ಟರು ಸದ್ದಾಗದಂತೆ ಕುರ್ಚಿ ಸರಿಸಿ ಅದರ ಎದುರಿಗೆ ಬಂದು ಕೂತರು.