ಎರಡು ಕಂಬ, ಎರಡು ಹಲಗೆ

"ಸ್ವಲ್ಪ ಗಲ್ಲ ಎತ್ತಿ ಸಾರ್," ಎಂದು ಕ್ಷೌರದಂಗಡಿಯವನು ರೂಢಿಯಂತೆ ಹೇಳಿ ನಾಲಿಗೆ ಕಚ್ಚಿಕೊಂಡ. ಸಾರ್ ಎತ್ತಲಿಲ್ಲ. ಅವನೇ ಎರಡು ಬೆರಳಿನಿಂದ ಗಲ್ಲವನ್ನು ಮೇಲೆ ಮಾಡಿ, ಕತ್ತಿನ ಮಡಿಕೆಯಲ್ಲಿ ಉಳಿದಿದ್ದ ನೊರೆಯನ್ನು ಮೆಲ್ಲಗೆ ಎಳೆದ.

"ಕತ್ತಿ ಕಂಡ್ರೆ ಹೆದರೋರು. ಇವತ್ತೇ ಮೊದಲು, ಕದಲದೆ ಮಲಗಿರೋದು."

ಮಂಚದ ಪಕ್ಕದಲ್ಲಿ ಹೆಂಡತಿ ಗಂಡನ ಬಿಳಿ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಒಂದಕ್ಕೆ ನೀಲಿ ದಾರ, ಒಂದಕ್ಕೆ ಕಂದು, ಇನ್ನೊಂದಕ್ಕೆ ಹಸಿರು.

"ತಿಂಗಳಿಗೊಂದು ಗುಂಡಿ ಕಿತ್ತುಹೋಗ್ತಿತ್ತು ನಿಮ್ಮಪ್ಪಂದು," ಎಂದು ಮಗಳಿಗೆ ಹೇಳಿದಳು. "ನನಗೆ ಗುಂಡಿ ಹಾಕೋಕೆ ಬರಲ್ವಾ? ಆ ಟೈಲರಮ್ಮನ ಹತ್ರಾನೇ ಆಗ್ಬೇಕು. ಒಂದು ಗುಂಡಿಗೆ ಒಂದು ಗಂಟೆ. ಅಷ್ಟು ಹೊತ್ತಲ್ಲಿ ಕೋಟು ಹೊಲೀಬಹುದು."

"ಈಗ ಅದೆಲ್ಲ ಯಾಕಮ್ಮ," ಎಂದಳು ಮಗಳು. ಅಪ್ಪ, ಟೈಲರಮ್ಮನ ಬಗ್ಗೆ ಬೀದಿಯ ಪಿಸುಮಾತು ಅವಳ ಕಿವಿಗೂ ಬಿದ್ದಿತ್ತು.

ಮೂವತ್ತೊಂದು ವರ್ಷ ಪುರಸಭೆಯಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತರಾಗಿ ಎರಡೇ ತಿಂಗಳು. ನಿನ್ನೆ ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದರು. ತಿಂಗಳ ಅಹವಾಲು ಸಭೆಯಲ್ಲಿ ಜನ ಕೇಳಿದ ಪ್ರಶ್ನೆಗೆ ಪುರಸಭೆಯ ಪರವಾಗಿ ಎದ್ದು ಉತ್ತರ ಓದುವುದು ಅವರ ಪಾಲಿನ ಕೆಲಸವಾಗಿತ್ತು. ಪ್ರಶ್ನೆ ಬೇರೆಬೇರೆ, ಉತ್ತರ ಒಂದೇ. ಹಾಗಾಗಿ ಬೀದಿಯ ಬಾಯಲ್ಲಿ ಅವರು 'ಪರಿಶೀಲನೆ ಮಾಮ'.

ಹೊರಗೆ ಕುರ್ಚಿ ಹಾಕಿ ಕೂತವರಲ್ಲಿ ಯಾರೋ, "ವ್ಯಾನು ಎಲ್ಲಿವರೆಗೆ ಬಂತು?" ಎಂದು ಕೇಳಿದರು. ಕೈಯೊರೆಸಿಕೊಂಡು ಹೊರಬಂದ ಕ್ಷೌರದಂಗಡಿಯವನು ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಗಂಟಲನ್ನು ಎರಡು ಸಲ ಸರಿಮಾಡಿಕೊಂಡು, "ಸದರಿ ವಿಷಯವು... ಹೂಂ... ಪರಿಶೀಲನೆಯಲ್ಲಿದೆ," ಎಂದ. ಅದೇ ಮೂಗಿನ ದನಿ, ಅದೇ ದಣಿವು. ಇಬ್ಬರು ನಕ್ಕರು, ಮೂರನೆಯವರು ನಗುವನ್ನು ಕೆಮ್ಮಾಗಿಸಿದರು. ಒಳಗೆ ಹೆಂಡತಿಯ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು.

ವ್ಯಾನು ಮನೆಯವರೆಗೆ ಬರುವಂತಿರಲಿಲ್ಲ. ಪೈಪು ಹಾಕಲೆಂದು ರಸ್ತೆ ಅಗೆದು ಏಳು ತಿಂಗಳಾಗಿತ್ತು. ವ್ಯಾನು ಕಾಲುವೆಯ ಆಚೆ ದಡದಲ್ಲಿ ಕಾಯುತ್ತಿತ್ತು. ಆಚೆಗೆ ದಾಟಲು ಕಾಲುಸೇತುವೆ ಮಂಜೂರಾಗಿ ಒಂಬತ್ತು ವರ್ಷ. ನೀರಿನ ನಡುವೆ ಎರಡು ಕಾಂಕ್ರೀಟ್ ಕಂಬ ಎದ್ದಿದ್ದವು, ಮೇಲೆ ಆಕಾಶ. ಕಾಗೆ ಕೂರೋದಕ್ಕೆ ಪುರಸಭೆ ಮಾಡಿಕೊಟ್ಟ ಅನುಕೂಲ ಎಂದು ಜನ ಹೇಳುತ್ತಿದ್ದರು. ತಾವು ದಾಟುವುದಕ್ಕೆ ಜನರೇ ಎರಡು ಹಲಗೆ ಜೋಡಿಸಿ ಹಗ್ಗ ಬಿಗಿದುಕೊಂಡಿದ್ದರು.

ಶವಪೆಟ್ಟಿಗೆಯನ್ನು ದಡದವರೆಗೆ ತಂದು ಇಳಿಸಿದಾಗ ವಾರ್ಡಿನ ಸದಸ್ಯರು ಹೂವಿನ ಚಕ್ರ ಹಿಡಿದು ಬಂದರು. ಮುಚ್ಚಳ ಇನ್ನೂ ಹಾಕಿರಲಿಲ್ಲ. ಹೊರಲು ನಿಂತಿದ್ದವರು ನಾಲ್ವರು. ಅವರಲ್ಲಿ ಗಾರೆ ಕೆಲಸದವನು ಸುಮ್ಮನಿರಲಾಗದೆ ಕೇಳಿದ:

"ಸಾರ್, ಇವತ್ತಾದ್ರೂ ಹೇಳಿ. ಈ ಸೇತುವೆ ಯಾವಾಗ? ಹೆಣಾನೂ ಹಲಗೆ ಮೇಲೆ ದಾಟಿಸ್ಬೇಕಾ?"

ಸದಸ್ಯರು ದನಿ ತಗ್ಗಿಸಿದರು, ಎಲ್ಲರಿಗೂ ಕೇಳುವಷ್ಟು.

"ಹೋದವರ ಬಗ್ಗೆ ಆಡಬಾರದು. ಕೇಳಿದ್ರಿ ಅಂತ ಹೇಳ್ತೀನಿ. ಎಂಟು ವರ್ಷ ಆ ಫೈಲು ಇವರ ಮೇಜಿನ ಮೇಲೇ ಕೂತಿತ್ತು. ನಾನು ಎಷ್ಟು ಸಲ ಹೇಳಿದೆ. ಪಾಪ, ಸ್ವಭಾವಾನೇ ನಿಧಾನ."

ಗಾರೆಯವನು ಪೆಟ್ಟಿಗೆಯ ಹಿಡಿಯಿಂದ ಕೈ ತೆಗೆದ. ಅವನನ್ನು ನೋಡಿ ಇನ್ನಿಬ್ಬರೂ ತೆಗೆದರು. ಉಳಿದದ್ದು ಕ್ಷೌರದಂಗಡಿಯವನೊಬ್ಬನ ಕೈ.

"ಅಣ್ಣಾ, ಇವತ್ತೊಂದು ದಿನ..." ಎಂದಳು ಮಗಳು.

"ನನ್ನ ಮಗು ದಿನಾ ಈ ಹಲಗೆ ಮೇಲೇ ಸ್ಕೂಲಿಗೆ ಹೋಗ್ತದೆ ತಾಯಿ. ಸುಳ್ಳು ಅಂತ ನೀನೇ ಒಂದು ಮಾತು ಹೇಳ್ಬಿಡು. ಎತ್ತುತೀನಿ."

ಅವಳು ಕಂಬಗಳ ಕಡೆ ಮುಖ ತಿರುಗಿಸಿದಳು.

* * *

ಆರು ವರ್ಷದ ಹಿಂದೆ ಅವಳು ಒಂದೇ ಒಂದು ಸಲ ಅಹವಾಲು ಸಭೆಗೆ ಹೋಗಿದ್ದಳು. ಅಲ್ಲಿಯ ನಿಯಮ ಹೀಗಿತ್ತು: ಬಾಯಿಮಾತು ನಡೆಯದು, ಪ್ರಶ್ನೆಯನ್ನು ಬರೆದು ತಂದು, ಎದ್ದು ನಿಂತು ಓದಿ, ಕಾಗದವನ್ನು ಗುಮಾಸ್ತರ ಕೈಗೆ ಕೊಡಬೇಕು. ಆ ಹೊತ್ತಿಗೆ ಬೀದಿಯವರು ಒಬ್ಬೊಬ್ಬರಾಗಿ ಕೇಳುವುದನ್ನೇ ಬಿಟ್ಟಿದ್ದರು. ಕೇಳಿದ ಮರುವಾರವೇ ಕ್ಷೌರದಂಗಡಿಯ ಬೋರ್ಡು ರಸ್ತೆಗೆ ಆರು ಇಂಚು ಚಾಚಿದೆ ಎಂದು ನೋಟೀಸು ಬಂದಿತ್ತು.

ಟೈಲರಮ್ಮ ಮಾತ್ರ ಬಿಡಲಿಲ್ಲ. "ನನಗೆ ಬೋರ್ಡೂ ಇಲ್ಲ, ಲೈಸೆನ್ಸೂ ಇಲ್ಲ. ಏನ್ ಕಿತ್ಕೊತಾರೆ, ಸೂಜಿನಾ?"

ಆ ವರ್ಷ ಅವಳು ಹಲಗೆಯಿಂದ ಜಾರಿ ಬಿದ್ದು, ಒಂದು ಮೊಣಕಾಲು ಮಡಚದಂತಾಗಿತ್ತು. ಬೆಂಚು ಹಿಡಿದು ಎದ್ದು ಕಾಗದ ಬಿಡಿಸಿದಳು. ಆಗ ವೇದಿಕೆಯ ಮೇಲೆ ಅಪ್ಪ ಒಂದು ವಿಚಿತ್ರ ಮಾಡಿದರು. ಎದುರಿನ ಫೈಲನ್ನು ಎತ್ತಿ, ತಲೆಕೆಳಗು ಮಾಡಿ, ಮತ್ತೆ ನೆಟ್ಟಗೆ ಮಾಡಿ, ಕೆಮ್ಮಿದರು. ಕೆಳಗೆ ಟೈಲರಮ್ಮನೂ ತನ್ನ ಕಾಗದವನ್ನು ತಿರುಗಿಸಿ ಹಿಡಿದಳು.

"ಮೂರು ವರ್ಷಕ್ಕೆ ಎರಡು ಕಂಬ. ಕಂಬಗಳು ಮಾತಾಡಿಕೊಂಡು ಸೇತುವೆ ತಾವೇ ಕಟ್ಟಿಕೊಳ್ಳುತ್ತವೆಂದು ಪುರಸಭೆ ಕಾಯುತ್ತಿದೆಯೇ?"

ಸಭೆ ನಕ್ಕಿತು. ಅಪ್ಪನ ತುಟಿ ಸಣ್ಣಗೆ ಅದುರುತ್ತಿತ್ತು, ಪ್ರಶ್ನೆ ಮುಗಿಯುವವರೆಗೂ. ಹೆದರಿಕೆ ಎಂದುಕೊಂಡಳು ಮಗಳು. ಆಮೇಲೆ ಅವರು ಎದ್ದು ಅದೇ ಉತ್ತರ ಓದಿದರು.

"ನಿಮಗೆ ನಾಚಿಕೆ ಆಗಲ್ವಾ ಅಪ್ಪಾ?" ಎಂದು ಮನೆದಾರಿಯಲ್ಲಿ ಕೇಳಿದ್ದಳು.

"ಆಗತ್ತೆ," ಎಂದಿದ್ದರು. ನಾಲ್ಕು ಹೆಜ್ಜೆ ನಡೆದ ಮೇಲೆ, "ಅದೂ ಪರಿಶೀಲನೆಯಲ್ಲಿದೆ."

ಅವಳು ನಕ್ಕಿರಲಿಲ್ಲ. ಆಮೇಲೆ ಆ ವಿಷಯ ಅವರಿಬ್ಬರ ನಡುವೆ ಎಂದೂ ಬರಲಿಲ್ಲ.

* * *

"ದಾರಿ ಬಿಡಿ ಸ್ವಲ್ಪ."

ಟೈಲರಮ್ಮ ಕೋಲೂರಿಕೊಂಡು ಗುಂಪಿನ ನಡುವೆ ಬಂದಳು. ಅಳತೆ ಪುಸ್ತಕದೊಳಗಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು.

"ಇದು ಶುಕ್ರವಾರದ ಸಭೆಯ ಪ್ರಶ್ನೆ. ಹೋದ ವಾರ ಬರೆದುಕೊಟ್ರು. ಬಾಯಿಪಾಠ ಮಾಡಿಸೋಕೆ ಮೊದಲೇ ಹೊರಟುಬಿಟ್ರು."

"ಯಾರು?" ಎಂದ ಗಾರೆಯವನು.

ಅವಳು ಗಲ್ಲದಿಂದ ಪೆಟ್ಟಿಗೆಯ ಕಡೆ ತೋರಿಸಿದಳು. "ನನಗೆ ಓದೋಕೆ ಎಲ್ಲಪ್ಪಾ ಬರತ್ತೆ? ಸಭೇಲಿ ಇಷ್ಟು ವರ್ಷ ಓದಿದ್ದೆಲ್ಲ ಇವರು ಹೇಳಿಕೊಟ್ಟಿದ್ದು. ಸಂಜೆ ಪ್ರಶ್ನೆ ಬರೆಯೋರು, ಬೆಳಿಗ್ಗೆ ಆಫೀಸಲ್ಲಿ ಉತ್ತರ ಬರೆಯೋರು. ಹೊರಗೆ ಬಾಯಿಬಿಡಬಾರದು ಅಂತ ಮಾತು ತಗೊಂಡಿದ್ರು."

ಹಿಂದಿನಿಂದ ಹೆಂಡತಿ, "ಹಾಗಾದ್ರೆ ಗುಂಡಿ..." ಎಂದಳು.

"ಹೂಂ ಅಕ್ಕಾ. ಅವರೇ ಕಿತ್ಕೊಂಡು ಬರೋರು. ಒಂದೊಂದ್ಸಲ ಬಟ್ಟೆ ಸಮೇತ."

ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡಳು. ಅತ್ತಳೋ ನಕ್ಕಳೋ ಪಕ್ಕದವರಿಗೂ ತಿಳಿಯಲಿಲ್ಲ.

ಟೈಲರಮ್ಮ ಕಾಗದವನ್ನು ಬಿಡಿಸಿ ಮಗಳ ಮುಂದೆ ಹಿಡಿದಳು. "ನೀನೇ ಓದು. ಏನಿದೆ ಅಂತ ನನಗೂ ಗೊತ್ತಿಲ್ಲ." ಕಾಗದ ತಲೆಕೆಳಗಾಗಿತ್ತು. ಮಗಳು ಒಂದು ಗಳಿಗೆ ಹಾಗೇ ನೋಡಿದಳು. ಮತ್ತೆ ತಿರುಗಿಸಿದಳು. ಅಪ್ಪನ ದುಂಡು ಅಕ್ಷರ. ತಲೆಬರಹದ ಕೆಳಗೆ ಕೆಂಪು ಶಾಯಿಯ ದಪ್ಪ ಗೆರೆ.

"ಕಾಲುಸೇತುವೆಯ ಕಡತವು ಎಂಟು ವರ್ಷದ ಹಿಂದೆ, ಮಾರ್ಚಿ ಹನ್ನೆರಡರಂದು, ಗುಮಾಸ್ತರ ಮೇಜಿನಿಂದ ವಾರ್ಡಿನ ಸದಸ್ಯರ ಮನೆಗೆ ಹೋಗಿರುತ್ತದೆ. ತಲುಪಿದ್ದಕ್ಕೆ ಸದಸ್ಯರ ಸಹಿಯು ರವಾನೆ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿರುತ್ತದೆ. ಆ ಕಡತ ಈಗ ಎಲ್ಲಿದೆ?"

ಎಲ್ಲರೂ ಸದಸ್ಯರ ಕಡೆ ತಿರುಗಿದರು. ಅವರು ಕನ್ನಡಕ ಸರಿಮಾಡಿಕೊಂಡರು. ಗಂಟಲನ್ನು ಎರಡು ಸಲ ಸರಿಮಾಡಿಕೊಂಡರು.

"ಅದು... ನೋಡ್ಬೇಕು. ಪರಿಶೀಲನೆ ಮಾಡಿ..."

ಈ ಸಲ ಯಾರೂ ನಗಲಿಲ್ಲ. ಆದರೆ ಟೈಲರಮ್ಮ ಸದಸ್ಯರನ್ನು ನೋಡುತ್ತಿರಲಿಲ್ಲ.

"ಎಷ್ಟು ವರ್ಷ ಅಂದೆ?"

"ಎಂಟು."

"ನಾನು ಬಿದ್ದು ಆರು." ಅವಳು ಪೆಟ್ಟಿಗೆಯ ಕಡೆ ತಿರುಗಿದಳು. "ಅಂದ್ರೆ ಗೊತ್ತಿತ್ತು ಇವರಿಗೆ. ಗೊತ್ತಿದ್ದೂ ಬೇರೆಬೇರೆ ಪ್ರಶ್ನೆ ಕಲಿಸಿದ್ರು. ನಗೋ ಅಂಥವು."

"ಕೆಲಸ ಹೋಗಬಹುದು ಅಂತ..." ಎಂದು ಹೆಂಡತಿ ಶುರುಮಾಡಿ ನಿಲ್ಲಿಸಿದಳು.

"ಹೆದರೋ ಆಸಾಮಿ ಇವರು, ಟೈಲರಮ್ಮ," ಎಂದ ಕ್ಷೌರದಂಗಡಿಯವನು. ಈಗ ಅದು ಅವನದೇ ದನಿ.

ಗಾರೆಯವನ ಕೈ ಹಿಡಿಯ ಹತ್ತಿರ ಹೋಗಿ ಅಲ್ಲೇ ನಿಂತಿತ್ತು. ಎತ್ತಬೇಕೋ ಬೇಡವೋ ಎನ್ನುವುದು ಇನ್ನು ಟೈಲರಮ್ಮನೊಬ್ಬಳ ಮಾತು ಎಂದು ಎಲ್ಲರಿಗೂ ತಿಳಿದಿತ್ತು.

ಟೈಲರಮ್ಮ ಮಡಚದ ಕಾಲನ್ನು ಪಕ್ಕಕ್ಕೆ ಚಾಚಿ, ಕಷ್ಟಪಟ್ಟು ಬಗ್ಗಿ, ಅಂಗಿಯ ಮೇಲಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದಳು. ಇನ್ನೊಮ್ಮೆ, ಜೋರಾಗಿ.

"ದಾರ ಗಟ್ಟಿಯಿದೆ," ಎಂದಳು. "ಎತ್ತಿ."

ಮುಚ್ಚಳ ಹಾಕಿದರು. ನಾಲ್ಕೂ ಹಿಡಿಗಳಿಗೆ ಕೈ ಬಂತು. ಕ್ಷೌರದಂಗಡಿಯವನು ಸದಸ್ಯರ ಕಡೆ ಹೊರಳಿ, "ಸಾರ್, ಭಾರ ಬಿದ್ರೆ ಈ ಹಲಗೆ ಈಚೆ ತುದೀಲಿ ಏಳತ್ತೆ. ಕೂತ್ಕೊಂಡು ಸ್ವಲ್ಪ ಅದುಮಿ ಹಿಡ್ಕೊಳಿ," ಎಂದ. ಸದಸ್ಯರು ಅತ್ತಿತ್ತ ನೋಡಿದರು. ಬೇರೆ ಯಾರೂ ಮುಂದೆ ಬರಲಿಲ್ಲ. ಹೂವಿನ ಚಕ್ರವನ್ನು ಕೆಸರಿನ ಮೇಲಿಟ್ಟು, ಮಿರುಗುವ ಬೂಟಿನಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ಹಲಗೆ ಹಿಡಿದರು.

"ಕಾಗದ ಕೊಡಿಲ್ಲಿ," ಎಂದಳು ಟೈಲರಮ್ಮ ಮಗಳಿಗೆ. "ಶುಕ್ರವಾರ ಬೇಕು."

ಮುಂದೆ ಇಬ್ಬರು, ಹಿಂದೆ ಇಬ್ಬರು. ಪೆಟ್ಟಿಗೆ ಎರಡು ಕಂಬಗಳನ್ನು ಹಾದುಹೋಗುವಾಗ ಹಲಗೆ ಬಗ್ಗಿ ನೀರು ಮುಟ್ಟಿತು. ಅಮ್ಮನ ಕೈ ಹಿಡಿದು ಮಗಳು ಹಿಂದೆಯೇ ದಾಟಿದಳು.

ಆಚೆ ದಡದಲ್ಲಿ ವ್ಯಾನಿನ ಬಾಗಿಲು ತೆರೆಯುತ್ತಿದ್ದಾಗ ಅವಳು ತಿರುಗಿ ನೋಡಿದಳು. ಹಲಗೆ ದಾಟಲಾಗದ ಟೈಲರಮ್ಮ ಅಲ್ಲೇ ಉಳಿದಿದ್ದಳು. ಕೋಲನ್ನು ಕಂಕುಳಲ್ಲಿ ಒತ್ತಿಕೊಂಡು, ಕಾಗದವನ್ನು ಬಿಸಿಲಿಗೆ ಹಿಡಿದು, ಈಗಷ್ಟೇ ಕೇಳಿದ್ದನ್ನು ನೆನಪಿನಿಂದ ಎತ್ತಿಕೊಳ್ಳುವಂತೆ ತುಟಿ ಅಲ್ಲಾಡಿಸುತ್ತಿದ್ದಳು. ಬೆಳಕು ತೂರಿದ ಕಾಗದದಲ್ಲಿ ಕೆಂಪು ಗೆರೆ ಕೆಳತುದಿಯಲ್ಲಿ ಕಾಣುತ್ತಿತ್ತು.

ಮಗಳು ಕೆಮ್ಮಿದಳು. ಅಂಗೈಯನ್ನು ಫೈಲಿನ ಹಾಗೆ ಎತ್ತಿ ಹಿಡಿದು, ತಲೆಕೆಳಗು ಮಾಡಿ, ಮತ್ತೆ ನೆಟ್ಟಗೆ ಮಾಡಿದಳು.

ನೀರಿನಾಚೆ ಕಾಗದ ತಿರುಗಿತು.