ಸಾಹೇಬರು ನಿದ್ದೆ ಹೋದ ರಸ್ತೆ

ಅಜೀಮ ತನ್ನ ಹಳೇ ಸುಮೋದ ಸ್ಪ್ರಿಂಗ್ ಪಾಟಾ ಬದಲಿಸಿದ್ದು ಶೋಕಿಗಲ್ಲ, ತಾಯಿಯ ತೋಳಿನಿಂದ ಸೋರುವ ರಕ್ತ ನಿಲ್ಲಲಿ ಎಂದು.

ತಾಯಿ ಪ್ಯಾರಿಬಿಯ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆರಡು ಸಲ ಭೀಮಾ ದಂಡೆಯ ಬಸನಾಳವಾಡಿಯಿಂದ ಅಫಜಲಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಹದಿನಾಲ್ಕು ಕಿಲೋಮೀಟರು ದಾರಿ. ಅದರಲ್ಲಿ ಡಾಂಬರು ಉಳಿದದ್ದು ಅಲ್ಲಲ್ಲಿ, ಹುರುಕಿನ ಹಕ್ಕಳೆಯ ಹಾಗೆ. ಮರಳಿ ಬರುವಾಗ ಗಾಡಿ ತೆಗ್ಗಿಗೆ ಬಿದ್ದಾಗಲೆಲ್ಲ ಸೂಜಿ ಚುಚ್ಚಿದ ಜಾಗ ಬಿಚ್ಚಿಕೊಳ್ಳುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಮುದುಕಿಯ ಸೆರಗು ನೆಂದು ಕೆಂಪಾಗಿರುತ್ತಿತ್ತು.

ರಸ್ತೆ ದುರಸ್ತಿಗೆ ಆರು ವರ್ಷ ಅರ್ಜಿ ಕೊಟ್ಟು ಕೊಟ್ಟು ಸಾಕಾದ ಅಜೀಮ ಒಂದಿನ ಗಾಡಿಯನ್ನು ಜೇವರ್ಗಿಗೆ, ಮೇಸ್ತ್ರಿ ಮಾಳಿಂಗಪ್ಪನ ಗ್ಯಾರೇಜಿಗೆ ಒಯ್ದ. "ಕಾಕಾ, ರಸ್ತೆ ಮೆತ್ತಗ ಆಗಂಗಿಲ್ಲ. ಗಾಡಿನರ ಮೆತ್ತಗ ಮಾಡಿಕೊಡು."

ಇಪ್ಪತ್ತು ವರ್ಷ ಭಾರ ಹೊತ್ತ ಉಕ್ಕಿನ ಪಾಟಾಗಳು ಕಮಾನು ಕಳೆದುಕೊಂಡು ಚಪ್ಪಟೆಯಾಗಿದ್ದವು. ಕುಲುಕು ನುಂಗುವ ಶಾಕಪ್‌ಗಳು ಎಣ್ಣೆ ಕಾರಿಕೊಂಡು ಸತ್ತಿದ್ದವು. ಮಾಳಿಂಗಪ್ಪ ಎಲ್ಲ ಕಿತ್ತು ಹಾಕಿ, ಸಲೀಸಾಗಿ ಬಾಗುವ ತೆಳು ಪಾಟಾ, ನಾಲ್ಕೂ ಗಾಲಿಗೆ ಗ್ಯಾಸಿನ ಶಾಕಪ್, ಹೊಸ ರಬ್ಬರ್ ಬುಶ್ ಕೂಡಿಸಿದ. "ಲೇ ಅಜ್ಯಾ, ಇನ್ನ ಇದರಾಗ ಹಸುಗೂಸು ಮಲಗಸು, ಏಳಂಗಿಲ್ಲ."

ಮೊದಲ ಸಲ ಹೋಗಿ ಬಂದ ದಿನ ಪ್ಯಾರಿಬಿ ಮನೆ ಮುಂದೆ ಇಳಿದು ತೋಳು ನೋಡಿಕೊಂಡಳು. ಬಿಳಿ ಪಟ್ಟಿ ಬೆಳ್ಳಗೇ ಇತ್ತು. "ಬೇಟಾ, ಇವತ್ತ ಬ್ಯಾರೆ ದಾರಿ ಹಿಡದಿದ್ದೇನು?" ಎಂದಳು. ಅಜೀಮ ಗೋಡೆ ಕಡೆ ಮುಖ ಮಾಡಿ ಕಣ್ಣು ಒರಸಿಕೊಂಡ.

ಅದೇ ತಿಂಗಳು ಅರ್ಜಿಗೆ ಜೀವ ಬಂತು. ರಸ್ತೆ ತಪಾಸಣೆಗೆ ಅಫಜಲಪುರದ ಆಫೀಸಿನಿಂದ ಇಂಜಿನಿಯರ್ ಸಾಹೇಬರು ಬರುತ್ತಾರೆಂಬ ಸುದ್ದಿ. ಆದರೆ ಆಫೀಸಿನ ಜೀಪಿನ ಡ್ರೈವರ್ ಆ ದಾರಿಗೆ ಬರಲು ಸುತಾರಾಂ ಒಪ್ಪಲಿಲ್ಲವಂತೆ, ಗಾಲಿಯ ಆಕ್ಸಲ್ ಮುರಿದರೆ ಯಾರು ಜವಾಬ್ದಾರಿ ಎಂದು. ಊರಿನ ಹಿರಿಯ ಹಣಮಂತರಾಯ ಗೌಡರು ಅಜೀಮನ ಬಾಗಿಲಿಗೆ ಬಂದರು.

"ಲೇ ಅಜೀಮ, ನಿನ್ನ ಗಾಡಿ ಒಯ್ದು ಸಾಹೇಬರನ್ನ ಕರಕೊಂಡು ಬಾ. ನಮ್ಮ ಊರಿಗೆ ಬಂದ ಮನಿಷ್ಯಾನ ಟೊಂಕ ನೋಯಬಾರದು."

ಆರು ವರ್ಷ ಊರಿನವರ ಟೊಂಕ ಮುರಿದವರ ಟೊಂಕಕ್ಕೆ ಊರೇ ದಿಂಬು ಹಿಡಿಯಿತು! ಗೌಡರೊಬ್ಬರನ್ನೇ ಬಯ್ದು ಏನುಪಯೋಗ? ಅಜೀಮನೂ ಗಾಡಿ ತೊಳೆದ, ಸೀಟಿನ ಮೇಲೆ ಹೊಸ ಚಾದರ ಹಾಸಿದ. ಯಾವ ತೆಗ್ಗು ಎಲ್ಲಿದೆಯೆಂದು ತನ್ನ ಬೆರಳಿನ ಗೆಣ್ಣುಗಳಂತೆ ಬಲ್ಲವನು, ಒಂದೊಂದನ್ನೂ ತಪ್ಪಿಸಿ, ಹೂವಿನ ಹಾಗೆ ಸಾಹೇಬರನ್ನು ತಂದ. ನಾಲ್ಕನೇ ಕಿಲೋಮೀಟರಿಗೆ ಸಾಹೇಬರು ಗೊರಕೆ ಹೊಡೆಯುತ್ತಿದ್ದರು. ಊರಲ್ಲಿ ಎದ್ದು, ಶೇಂಗಾ ಹೋಳಿಗೆ ಉಂಡು, ಹೋಗುವಾಗ ಮತ್ತೆ ಮಲಗಿದರು. "ಮಸ್ತ್ ಗಾಡಿ ಇಟ್ಟೀಯಪ್ಪ" ಎಂದು ಭುಜ ತಟ್ಟಿದಾಗ ಅಜೀಮ ಹಲ್ಲು ಕಿರಿದ. ಆ ನಗು ನೆನಪಾದರೆ ಅವನಿಗೆ ಇವತ್ತಿಗೂ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಹದಿನೈದು ದಿನಕ್ಕೆ ಪಂಚಾಯ್ತಿಗೆ ಕಾಗದ ಬಂತು. ಗ್ರಂಥಾಲಯ ನೋಡಿಕೊಳ್ಳುವ ಭಾಗ್ಯಜ್ಯೋತಿ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದಳು: "ಸದರಿ ರಸ್ತೆಯ ಪೂರ್ಣ ಉದ್ದಕ್ಕೂ ಖುದ್ದು ಸಂಚರಿಸಿ ಪರಿಶೀಲಿಸಲಾಗಿದೆ. ರಸ್ತೆಯು ಸುಸ್ಥಿತಿಯಲ್ಲಿದ್ದು ದುರಸ್ತಿಯ ಅವಶ್ಯಕತೆ ಕಂಡುಬಂದಿಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ಅಜೀಮನ ಕಡೆ ನೋಡಿದರು.

ಮರುದಿನ ಅವನು ಆಫೀಸಿನಲ್ಲಿ ಸಾಹೇಬರ ಮೇಜಿನ ಮುಂದೆ ನಿಂತ. "ಸಾಹೇಬ್ರ, ನೀವು ನಿದ್ದಿ ಮಾಡಿದ್ರಿ."

"ನಿದ್ದಿ ಬಂತಂದ್ರ ರಸ್ತೆ ಚಲೋ ಅದ ಅಂತನೇ ಅರ್ಥ ಅಲ್ಲೇನೋ?"

"ಅದು ನನ್ನ ಗಾಡಿ ಗುಣರಿ, ರಸ್ತೆದಲ್ಲ. ರಸ್ತೆ ಚಲೋ ಇದ್ರ ನಿಮ್ಮ ಜೀಪ್ ಯಾಕ ಬರಲಿಲ್ರಿ?"

ಸಾಹೇಬರು ಫೈಲು ಮುಚ್ಚಿದರು. "ನೋಡಪ್ಪ, ಜಾಣ ಇದ್ದಿ, ಪಾಟಾ ಬದಲಿಸಿದಿ. ಊರಾಗಿನವರಿಗೂ ಬದಲಿಸ್ರಿ ಅಂತ ಹೇಳು. ಎಲ್ಲಾದಕ್ಕೂ ಸರ್ಕಾರದ ಕಡೆ ಕೈ ಚಾಚಬಾರದು."

ಬಾಣಂತಿಗೂ ಪಾಟಾ ಬದಲಿಸಬೇಕು! ಸಾಲಿಗೆ ನಡೆದು ಹೋಗುವ ಮಕ್ಕಳ ಕಾಲಿಗೂ ಶಾಕಪ್ ಕೂಡಿಸಬೇಕು! ಅಜೀಮ ಮನೆಗೆ ಬಂದು ತಾಯಿಗೆ ಎಲ್ಲ ಹೇಳಿದ. "ಶುಕ್ರವಾರ ನಾ ನಿನ್ನ ಸುಮೋದಾಗ ಬರಂಗಿಲ್ಲ" ಎಂದಳು ಪ್ಯಾರಿಬಿ.

ಶುಕ್ರವಾರ ಡಯಾಲಿಸಿಸ್ ಮುಗಿಸಿದ ಪ್ಯಾರಿಬಿ, ತೋಳಿಗೆ ಪಟ್ಟಿ ಸುತ್ತಿಕೊಂಡು ಮೂರು ಗಾಲಿಯ ಬಾಡಿಗೆ ಟಂಟಂನಲ್ಲಿ ನೇರ ಆಫೀಸಿಗೆ ಬಂದಳು. ಅದನ್ನು ಹೊಡೆಯುತ್ತಿದ್ದವನು ಅಜೀಮ. ಹಿಂದೆ ಅವನ ತಮ್ಮ ನಯೀಮ ಸುಮೋ ತಂದಿದ್ದ, ಅದರ ತುಂಬ ಊರಿನವರು. ಗೌಡರೂ ಇದ್ದರು, ತಲೆ ತಗ್ಗಿಸಿಕೊಂಡು.

"ಸಾಹೇಬ್ರ, ಬರ್ರಿ, ನನ್ನ ಮನಿತನಕ ಕಳಿಸಿ ಬರ್ರಿ" ಎಂದಳು ಮುದುಕಿ, ಮದುವೆಗೆ ಕರೆದ ಹಾಗೆ. "ರಸ್ತೆ ಚಲೋ ಅದ ಅಂತ ಬರದೀರಲ್ಲ, ಅಂಜಿಕಿ ಯಾಕ್ರಿ?"

ಆಫೀಸಿನ ಗುಮಾಸ್ತರೆಲ್ಲ ಕಿಟಕಿಗೆ ಬಂದಿದ್ದರು. ಸಾಹೇಬರು ಹತ್ತಿದರು.

ಅಫಜಲಪುರ ದಾಟುತ್ತಲೇ ಅಜೀಮ ರೂಢಿಯಂತೆ ಬಲಕ್ಕೆ ಹ್ಯಾಂಡಲ್ ಎಳೆದ. ಹಿಂದಿನಿಂದ ತಾಯಿಯ ದನಿ ಬಂತು: "ತಪ್ಪಿಸಬ್ಯಾಡ."

"ಅಮ್ಮೀ—"

"ತಪ್ಪಿಸಬ್ಯಾಡ ಅಂದೆನಲ್ಲ. ನೆಟ್ಟಗ ಹೊಡಿ."

ಹಲ್ಲು ಕಚ್ಚಿ ನೆಟ್ಟಗೆ ಹೊಡೆದ. ಟಂಟಂ ಎದ್ದು ಬಿತ್ತು. ಸಾಹೇಬರ ತಲೆ ಮೇಲಿನ ಕಬ್ಬಿಣಕ್ಕೆ ಬಡಿಯಿತು. ಇನ್ನೊಂದು ತೆಗ್ಗು, ಮತ್ತೊಂದು. ತಿರುಗಿ ನೋಡಲು ಅಜೀಮನಿಗೆ ಧೈರ್ಯವಾಗಲಿಲ್ಲ. ಮೂರನೇ ಕಿಲೋಮೀಟರಿಗೆ ಸಾಹೇಬರೇ ಕಿರುಚಿದರು: "ನಿಲ್ಲಸೋ! ಮುದುಕಿ ಕೈ ನೋಡೋ, ರಕ್ತ!"

ಅಜೀಮ ಬ್ರೇಕ್ ಒತ್ತಿದ, ಹಾರಿ ಬಂದು ತಾಯಿಯ ತೋಳನ್ನು ಎರಡೂ ಕೈಯಿಂದ ಅದುಮಿ ಹಿಡಿದ. ಪಟ್ಟಿ ತೊಯ್ದು ಅವನ ಬೆರಳ ಸಂದಿಯಿಂದ ರಕ್ತ ಇಳಿಯಿತು. ಪ್ಯಾರಿಬಿಯ ತುಟಿ ಬೆಳ್ಳಗಾಗಿದ್ದರೂ ದನಿ ಅಲುಗಲಿಲ್ಲ. "ಎರಡು ವರ್ಷ ಇಷ್ಟು ಹರದದರಿ ಸಾಹೇಬ್ರ. ಈಗ ಬರೀರಿ."

ಭಾಗ್ಯಜ್ಯೋತಿ ಸುಮೋದಿಂದಿಳಿದು ಹಾಳೆ, ಪೆನ್ನು ಕೊಟ್ಟಳು. ಸಾಹೇಬರು ಟಂಟಂನ ಸೀಟಿನ ಮೇಲೆ ಹಾಳೆ ಇಟ್ಟು ಬರೆದರು. ರಸ್ತೆ ಸಂಚಾರಕ್ಕೆ ಯೋಗ್ಯವಿಲ್ಲ, ಕೂಡಲೇ ದುರಸ್ತಿಯಾಗಬೇಕು. ಕೆಳಗೆ ಸಹಿ, ತಾರೀಖು. ಅವಳು ಅದನ್ನು ಎಲ್ಲರಿಗೂ ಓದಿ ಹೇಳಿದ ಮೇಲೆಯೇ ಮಡಚಿದಳು.

ನಯೀಮ ಮುದುಕಿಯನ್ನು ಎತ್ತಿ ಸುಮೋದಲ್ಲಿ ಮಲಗಿಸಿದ, ಆಸ್ಪತ್ರೆಗೆ ತಿರುಗಿಸಬೇಕಿತ್ತು. ತಲೆ ಸವರಿಕೊಳ್ಳುತ್ತ ಸಾಹೇಬರೂ ಸುಮೋದ ಬಾಗಿಲಿಗೆ ಕೈ ಹಾಕಿದರು.

ಅಜೀಮ ಆ ಕೈ ತೆಗೆದ.

"ಇದು ನಮ್ಮ ಅಮ್ಮೀ ಗಾಡಿರಿ. ನೀವು ನಡದು ಬರ್ರಿ."